ನಿನ್ನೆಯ ದಾರಿಯಲ್ಲೇ ನಾಳೆಯೂ ಬರುವುದೆ?

(ನಂಜನಗೂಡಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಬೇಹುಗಾರಿಕೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಸಿನಿಮಾದ ಕರಿಕೋಟು, ಕರಿಕನ್ನಡಕ. ಆದರೆ ಆ ಕೆಲಸದ ಬಹುಪಾಲು ನಡೆಯುವುದು ಮೇಜಿನ ಮುಂದೆ, ಕಾಗದಗಳ ನಡುವೆ. ಬಂದ ಸುದ್ದಿಗಳನ್ನು ಜೋಡಿಸಿ ಮುಂದೇನಾದೀತು ಎಂದು ಹೇಳುವುದೇ ಅದರ ತಿರುಳು. ಹಾಗೆ ಹೇಳಲು ಬಳಸುವ ಬಹಳ ಹಳೆಯ, ಬಹಳ ಸುಲಭದ ವಿಧಾನವೊಂದಿದೆ. ಅದನ್ನು ಟ್ರೆಂಡ್ ಅನಾಲಿಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ನಡೆಯ ಲೆಕ್ಕ ಎನ್ನೋಣ.

ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ನಿಮ್ಮೂರಿನ ಸ್ನಾನಘಟ್ಟಕ್ಕೆ ಬಂದರೆ ಸಾಕು. ಹೊಳೆ ಏರಿದಾಗ ಹಳಬರು ಮೊದಲು ನೋಡುವುದು ಹದಿನಾರು ಕಾಲು ಮಂಟಪವನ್ನು. ವರದಿಗೆಂದು ಹೋಗಿದ್ದ ನನಗೆ ಹೂವಿನಂಗಡಿಯ ಹಿರಿಯರೊಬ್ಬರು ಹೇಳಿದ್ದರು: 'ಹೋದ ಸಲ ಇಲ್ಲಿಗೇ ನಿಂತಿತ್ತು ಕಣಪ್ಪ, ಈ ಸಲವೂ ಅಷ್ಟೆ.' ಅದು ನಡೆಯ ಲೆಕ್ಕ. ಹಿಂದೆ ಆದದ್ದನ್ನು ಗುರುತಿಟ್ಟುಕೊಳ್ಳುವುದು, ಒಂದೇ ಅಳತೆಯಲ್ಲಿ ಅಳೆಯುವುದು, ಆ ಗೆರೆಯನ್ನು ಮುಂದಕ್ಕೆ ಎಳೆಯುವುದು. ಗಡಿಯಾಚೆ ಎಷ್ಟು ಲಾರಿ ಓಡಾಡಿದವು, ಎಷ್ಟು ಧಾನ್ಯ ಕೂಡಿಟ್ಟರು ಎಂದು ತಿಂಗಳು ತಿಂಗಳೂ ಎಣಿಸುವ ಅಧಿಕಾರಿ ಮಾಡುವುದೂ ಇದನ್ನೇ.

ಈ ವಿದ್ಯೆಗೂ ಮೈಸೂರಿಗೂ ನಂಟಿದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ. 1909ರಲ್ಲಿ ಅದು ಅಚ್ಚಾಯಿತು. ಗೂಢಚಾರರ ಬಗೆಗಳನ್ನು ವಿವರವಾಗಿ ಹೇಳುವ ಆ ಗ್ರಂಥ, ಮೂರು ಕಡೆಯಿಂದ ಬಂದ ಸುದ್ದಿ ಒಂದೇ ಆದರೆ ಮಾತ್ರ ನಂಬಬೇಕೆನ್ನುತ್ತದೆ. ಅದೇ ಗ್ರಂಥ ಒಣನಾಡಿಗೆ 16 ದ್ರೋಣ ಮಳೆ, ಜೌಗುನಾಡಿಗೆ ಅದರ ಒಂದೂವರೆ ಪಟ್ಟು ಎಂದು ಲೆಕ್ಕ ಕೊಟ್ಟು, ಮಳೆ ನೋಡಿಕೊಂಡು ಬಿತ್ತನೆ ಮಾಡಿಸಬೇಕೆನ್ನುತ್ತದೆ. ಶತ್ರುವಾಗಲಿ, ಮಳೆಯಾಗಲಿ, ಮುಂದಿನದನ್ನು ಊಹಿಸಲು ಮೊದಲು ಅಳತೆ ಬೇಕು ಎಂಬುದು ಅಂದಿಗೇ ಗೊತ್ತಿತ್ತು.

ಆದರೆ ಇಂಥ ಗೆರೆ ಮೋಸ ಮಾಡಿದ್ದೂ ಉಂಟು. ಅದಕ್ಕೆ ಸಾಕ್ಷಿ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದೆ. ಟಿ. ನರಸೀಪುರದ ಬಳಿಯ ಸೋಸಲೆ ವ್ಯಾಸರಾಜ ಮಠದಿಂದಾಗಿ ಎಲ್ಲರಿಗೂ ಗೊತ್ತು. ಅಲ್ಲಿ ಕಾವೇರಿಯನ್ನು ದಾಟಿದ ಒಂದು ಸೈನ್ಯದ ಕತೆ ಅಷ್ಟಾಗಿ ಗೊತ್ತಿಲ್ಲ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕಾವೇರಿಯ ಉತ್ತರ ದಂಡೆಯಲ್ಲೇ ಅರಕೆರೆಯ ಮೂಲಕ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದ. ಮಳೆ ಹಿಡಿಯಿತು. ಮೇವಿಲ್ಲದೆ ಎತ್ತುಗಳು ಸತ್ತವು. ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಎಂಟು ವರ್ಷಗಳ ನಂತರ, 1799ರ ಮಾರ್ಚ್ 27ರಂದು, ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಮಳವಳ್ಳಿಯಲ್ಲಿ ಕಾಳಗವಾಯಿತು. ಮುಂದೆ ಇಂಗ್ಲಿಷರು ಹಿಡಿಯುವ ದಾರಿ ಯಾವುದು? ಹಳೆಯ ಅರಕೆರೆಯ ದಾರಿಯೇ ಎಂದು ಟಿಪ್ಪು ಎಣಿಸಿದ್ದನೆಂದೂ, ಆ ದಾರಿಯ ಮೇವನ್ನೆಲ್ಲ ನಾಶ ಮಾಡಿಸಿದ್ದನೆಂದೂ ಯುದ್ಧದ ವೃತ್ತಾಂತಗಳು ಹೇಳುತ್ತವೆ. ಊಹೆ ಅವಿವೇಕದ್ದೇನೂ ಅಲ್ಲ. 1791ರಲ್ಲಿ ಗೆಲ್ಲಿಸಿದ್ದೇ ಮೇವಿನ ಕೊರತೆ.

ಆದರೆ ಆ ಪಾಠವನ್ನು ಇಂಗ್ಲಿಷರೂ ಕಲಿತಿದ್ದರು. ಹ್ಯಾರಿಸ್ ಮಾರ್ಚ್ ಕೊನೆಯಲ್ಲಿ ಪಕ್ಕಕ್ಕೆ ತಿರುಗಿ ಸೋಸಲೆಯ ಬಳಿ ಹೊಳೆ ದಾಟಿಬಿಟ್ಟ. ಬೇಸಿಗೆಯ ಹೊಳೆಯಲ್ಲಿ ಹಾಯಗಡ ಸಿಕ್ಕಿತು. ದಕ್ಷಿಣ ದಂಡೆಯ ಊರುಗಳಲ್ಲಿ ಮೇವು ಹಾಗೇ ಉಳಿದಿತ್ತು. ಏಪ್ರಿಲ್ 5ಕ್ಕೆ ಅವನು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ರಾಜ್ಯ ಹೋದದ್ದು ಈ ಒಂದೇ ಕಾರಣಕ್ಕೆಂದು ನಾನು ಹೇಳುತ್ತಿಲ್ಲ. ಆದರೆ ಶತ್ರುವನ್ನು ತಡೆಯುವ ಅವಕಾಶವೊಂದು ಸೋಸಲೆಯಲ್ಲಿ ಕೈಜಾರಿತು.

ಇಲ್ಲಿ ತಪ್ಪಿದ್ದೆಲ್ಲಿ? ಗೆರೆ ಎಳೆದದ್ದರಲ್ಲಿ ಅಲ್ಲ. ಆ ಗೆರೆ ಯಾವ ಆಧಾರದ ಮೇಲೆ ನಿಂತಿದೆ ಎಂದು ಮತ್ತೆ ಮತ್ತೆ ಕೇಳಿಕೊಳ್ಳದಿದ್ದುದರಲ್ಲಿ. ಹೊಳೆಗೆ ಬುದ್ಧಿಯಿಲ್ಲ, ಶತ್ರುವಿಗೆ ಇದೆ. ನಮ್ಮ ಊಹೆಯನ್ನು ಅವನೂ ಊಹಿಸಬಲ್ಲ. 1973ರಲ್ಲಿ ಇಸ್ರೇಲಿಗೆ ಆದದ್ದೂ ಇದೇ. ಈಜಿಪ್ಟ್ ಸೇನೆ ಕಾಲುವೆಯ ದಂಡೆಯಲ್ಲಿ ಪದೇ ಪದೇ ಕವಾಯತು ನಡೆಸುತ್ತಿತ್ತು. ಬೇಸಿಗೆಗೆ ಮುಂಚೆ ಇಸ್ರೇಲ್ ಎಚ್ಚರಗೊಂಡು ಸಿದ್ಧವಾಯಿತು, ಯುದ್ಧ ಬರಲಿಲ್ಲ. ಇದೂ ಹಾಗೆಯೇ ಎಂದು ಅಕ್ಟೋಬರಿನಲ್ಲಿ ಸುಮ್ಮನಿದ್ದಾಗ, 6ನೆಯ ತಾರೀಖು ಈಜಿಪ್ಟ್, ಸಿರಿಯಾಗಳು ಒಟ್ಟಿಗೇ ಮೇಲೆ ಬಿದ್ದವು.

ಅದಕ್ಕೇ ಅನುಭವಿಗಳು ನಡೆಯ ಲೆಕ್ಕದ ಜತೆಗೆ ಇನ್ನೊಂದು ಪಟ್ಟಿ ಇಟ್ಟುಕೊಳ್ಳುತ್ತಾರೆ: ಈ ಗೆರೆ ಮುರಿಯುವುದಾದರೆ ಮೊದಲು ಕಾಣುವ ಕುರುಹುಗಳಾವುವು? ಸೈನ್ಯ ಹಳೆಯ ದಾರಿ ಬಿಡುವುದಾದರೆ ಹಾಯಗಡ ಹುಡುಕುವವರು ಮೊದಲು ಬರಬೇಕು. ಆ ಕುರುಹಿಗೆ ಕಾವಲು ಹಾಕಬೇಕು.

ಮತ್ತೆ ಸ್ನಾನಘಟ್ಟಕ್ಕೆ ಬರೋಣ. 2018, 2019ರಲ್ಲಿ ಕಪಿಲೆ ಉಕ್ಕಿತು. 2023ರಲ್ಲಿ ಬರ. ಆ ಬರ ನೋಡಿ ಮುಂದಿನ ವರ್ಷದ ಲೆಕ್ಕ ಹಾಕಿದವರನ್ನು 2024ರ ಜುಲೈ ಕೊನೆಯ ಪ್ರವಾಹ ಸುಳ್ಳಾಗಿಸಿತು. ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ ನೀರು ಮಾತ್ರ, ಕೃಷ್ಣರಾಜಸಾಗರದ 49.45ರ ಅರ್ಧಕ್ಕಿಂತ ಕಡಿಮೆ. ಅದು ಬೇಗ ತುಂಬುತ್ತದೆ, ಬೇಗ ಬಿಡಬೇಕಾಗುತ್ತದೆ. ಆದ್ದರಿಂದ ನಿಮಗೆ ಕುರುಹು ಇರುವುದು ಮಂಟಪದ ಕಂಬದಲ್ಲಲ್ಲ, ವಯನಾಡಿನ ಮಳೆಯಲ್ಲಿ, ಬೀಚನಹಳ್ಳಿಯ ಹೊರಹರಿವಿನಲ್ಲಿ. ಕಂಬಕ್ಕೆ ನೀರು ತಾಗಿದ ಮೇಲೆ ಅದು ಮುನ್ಸೂಚನೆಯಲ್ಲ, ಸುದ್ದಿ. ಅದನ್ನು ಬರೆಯಲು ನಾನಿದ್ದೇನೆ.

ಹೂವಿನಂಗಡಿಯ ಹಿರಿಯರ ನೆನಪು ಸುಳ್ಳಲ್ಲ, ಅದನ್ನು ಬರೆದಿಡಿ. ಆದರೆ ಅವರಂತೆ 'ಅಷ್ಟೆ' ಎಂದು ನಿಲ್ಲಿಸಬೇಡಿ. 'ಈ ಸಲ ಬದಲಾದದ್ದೇನು?' ಎಂಬ ಪ್ರಶ್ನೆಯನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಹೊಳೆದಂಡೆಯ ಮನೆಯವರು ಪಾತ್ರೆ ಪಗಡಿ, ದನಕರು ಉಳಿಸಿಕೊಳ್ಳಲು ಸಿಗುವ ನಾಲ್ಕು ಗಂಟೆ ಆ ಪ್ರಶ್ನೆಯಿಂದಲೇ ಬರುವುದು.