ಮಾರ್ಜಿನ್ ಹಾಕುವ ಕೆಲಸ ಯಾರದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಗಣಿತದ ನೋಟ್‌ಬುಕ್ಕಿಗೆ ಮಾರ್ಜಿನ್ ಹಾಕದಿದ್ದರೆ, ಲೆಕ್ಕ ಸರಿಯಿದ್ದರೂ ಪುಸ್ತಕ ವಾಪಸ್ ಬರುತ್ತಿದ್ದುದು ನಿಮಗೆಲ್ಲ ನೆನಪಿರಬೇಕು. ದೊಡ್ಡವನಾಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೂ ನನಗೆ ಅದೇ ಆಯಿತು.

ಮುಕ್ತ ತಂತ್ರಾಂಶವೆಂದರೆ ಅದರ ಬರಹವನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ನೋಡಿಕೊಳ್ಳುವವರು ಒಪ್ಪಿದರೆ ನಮ್ಮ ಸಾಲೂ ಅದರಲ್ಲಿ ಸೇರುತ್ತದೆ. ನಾನು ಮೊದಲು ಕಳಿಸಿದ್ದು ಹನ್ನೊಂದು ಸಾಲಿನ ತಿದ್ದುಪಡಿ. ಮೂರು ರಾತ್ರಿ ಕೂತು ಮಾಡಿದ್ದೆ. ಬಂದ ಉತ್ತರದಲ್ಲಿ ಆ ತಿದ್ದುಪಡಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಇಲ್ಲಿ ಜಾಗ ಹೆಚ್ಚಾಗಿದೆ, ಅಲ್ಲಿ ಸಾಲು ಉದ್ದವಾಗಿದೆ, ಅಷ್ಟೇ. ಸರಿಮಾಡಿ ಕಳಿಸಿದೆ. ಇನ್ನೊಬ್ಬರು ಬೇರೊಂದು ಜಾಗ ತೋರಿಸಿದರು. ಮೂರನೇ ಸಲಕ್ಕೆ ಬಿಟ್ಟುಬಿಟ್ಟೆ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಇಷ್ಟಾದರೂ ಬರಹದ ಅಚ್ಚುಕಟ್ಟನ್ನು ಕಡ್ಡಾಯ ಮಾಡಬೇಕೆಂದೇ ನಾನು ಹೇಳುವವನು. ಆದರೆ ಮನುಷ್ಯರ ಕೈಯಲ್ಲಲ್ಲ, ಯಂತ್ರದ ಕೈಯಲ್ಲಿ. ಅದಕ್ಕೆಂದೇ ಫಾರ್ಮ್ಯಾಟರ್ ಎಂಬ ಸಾಧನಗಳಿವೆ. 2009ರಲ್ಲಿ ಗೋ ಭಾಷೆ ಹೊರಬಂದಾಗ ಗೋಫಮ್ಟ್ ಅದರ ಜೊತೆಯಲ್ಲೇ ಬಂತು. ಜಾಗ ಎಷ್ಟು ಬಿಡಬೇಕೆಂಬ ಜಗಳಕ್ಕೆ ಅಲ್ಲಿ ಅವಕಾಶವೇ ಉಳಿಯಲಿಲ್ಲ. ಪೈಥಾನಿಗೆ 2018ರಲ್ಲಿ ಬ್ಲ್ಯಾಕ್ ಬಂತು. ಅದರ ಪ್ರಕಾರ ಒಂದು ಸಾಲಿಗೆ 88 ಅಕ್ಷರ. 88 ಯಾಕೆ ಎಂದು ನನ್ನನ್ನು ಕೇಳಬೇಡಿ, ನನಗೂ ಅದು ಇಷ್ಟವಿಲ್ಲ. ಆದರೆ ಯಂತ್ರ ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ.

ಜ್ಯಾಂಗೋ ಎಂಬ ತಂತ್ರಾಂಶವಿದೆ. ಅಮೆರಿಕದ ಕ್ಯಾನ್ಸಾಸಿನ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ತೆರೆದುಕೊಂಡದ್ದು. ಬ್ಲ್ಯಾಕ್ ಬಳಸುವುದೆಂದು ಅವರು 2019ರಲ್ಲೇ ಒಪ್ಪಿದರು. ಆದರೆ ಆ ಸಾಧನ ಸ್ಥಿರವಾಗುವ ತನಕ ಕಾದು, 2022ರ ಫೆಬ್ರವರಿಯಲ್ಲಿ ಬರಹವನ್ನೆಲ್ಲ ಒಂದೇ ಸಲಕ್ಕೆ ಹೊಂದಿಸಿದರು. ಹಾಗೆ ಮಾಡಿದರೆ ಯಾವ ಸಾಲನ್ನು ಯಾರು ಬರೆದರೆಂಬ ದಾಖಲೆಯಲ್ಲಿ ಹಳಬರ ಹೆಸರೆಲ್ಲ ಮುಚ್ಚಿಹೋಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಅಂಥ ಒಂದು ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯದೆ ನೋಡುವ ಸೌಲಭ್ಯ 2019ರಿಂದ ಗಿಟ್‌ನಲ್ಲಿದೆ. ಕೈಯಿಂದ ಕಂಬಸಾಲಾಗಿ ಜೋಡಿಸಿದ ಅಂಕಿಗಳನ್ನು ಯಂತ್ರ ಕಲಸಿಹಾಕುವುದೂ ನಿಜ. ಅಷ್ಟು ಭಾಗವನ್ನು ಮುಟ್ಟಬೇಡ ಎಂದು ಗುರುತು ಹಾಕಬಹುದು.

ಈಗ ನನ್ನ ತಪ್ಪು ಹೇಳುತ್ತೇನೆ. ನಾನೇ ಒಂದು ಸಣ್ಣ ಯೋಜನೆ ನೋಡಿಕೊಳ್ಳುತ್ತೇನೆ. ಅಚ್ಚುಕಟ್ಟಿಲ್ಲದ್ದನ್ನು ಒಳಗೆ ಬಿಡದಂತೆ ತಪಾಸಣೆ ಇಟ್ಟಿದ್ದೆ. ಒಬ್ಬ ವಿದ್ಯಾರ್ಥಿನಿ ಕಳಿಸಿದ ಮೊದಲ ತಿದ್ದುಪಡಿಗೆ ಕೆಂಪು ಗುರುತು ಬಿದ್ದಿತ್ತು. ನಾನು ನೋಡುವಷ್ಟರಲ್ಲಿ ಎಂಟು ದಿನ ಕಳೆದಿತ್ತು. ಒಂದು ಆಜ್ಞೆ ಕೊಟ್ಟಿದ್ದರೆ ಕ್ಷಣದಲ್ಲಿ ಸರಿಹೋಗುತ್ತಿತ್ತು. ಅದು ಆ ಹುಡುಗಿಗೆ ಗೊತ್ತಿರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಅವಳು ಮತ್ತೆ ಬರಲಿಲ್ಲ. ಆ ತಿದ್ದುಪಡಿ ಮಾತ್ರ ಸರಿಯಾಗಿಯೇ ಇತ್ತು.

ಈಗ ನಮ್ಮಲ್ಲಿ ಹೊಸಬರು ಹೇಗೆ ಬೇಕಾದರೂ ಬರೆದು ಕಳಿಸಲಿ, ಅಚ್ಚುಕಟ್ಟು ಮಾಡಿ ಸೇರಿಸಿಕೊಳ್ಳುವುದು ನಮ್ಮ ಕೆಲಸ. ಕಡ್ಡಾಯ ಬರಹಕ್ಕೆ, ಬರೆದವರಿಗಲ್ಲ.

ಮುಖ್ಯೋಪಾಧ್ಯಾಯರು ಸಂಜೆ ಕಂಪ್ಯೂಟರ್ ಕೋಣೆಯ ಬೀಗ ತೆಗೆಸಿಕೊಡುತ್ತೇನೆಂದಿದ್ದಾರೆ. ಎರಡು ಯಂತ್ರ ನಡೆಯುತ್ತಿವೆಯಂತೆ. ಹತ್ತನೇ ತರಗತಿಯವರು ಯಾರಾದರೂ ಬಂದರೆ ತಿದ್ದುಪಡಿ ಕಳಿಸುವುದು ಹೇಗೆಂದು ತೋರಿಸುತ್ತೇನೆ.