ಕಾಫಿಯ ರುಚಿ: ನೆಲದ ಗುಣ, ತಳಿಯ ಗುಣ
(ರಾಜ್ಯೋತ್ಸವದ ಅಂಗವಾಗಿ ಡೊಂಬಿವಲಿಯಲ್ಲಿ ಮಾಡಿದ ಭಾಷಣ)



ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ಖಾಡಿಯಾಚೆ ನವಿ ಮುಂಬಯಿಯಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಕಾಫಿಯ ಮಾತು ಬಂದರೆ ವಾದ ಹುಟ್ಟುವುದು ಹೊಸತೇನಲ್ಲ. ಹಾಸನದ ಸೊಸೆ ಮಾಡಿದ್ದು ಉಡುಪಿಯ ಅತ್ತೆಗೆ ಹಿಡಿಸದು. ಧಾರವಾಡದ ಕಡೆಯವರು 'ನಾವು ಚಹಾದ ಮಂದಿ' ಎಂದು ದೂರ ಕುಳಿತು ನಗುವರು. ಕಾಫಿಯವರೆಲ್ಲ ಆಡುವ ಮಾತು ಮಾತ್ರ ಒಂದೇ: 'ನಮ್ಮ ಊರಿನ ಕಾಫಿ.' ಆ ಊರು ಯಾವುದು, ಗಿಡ ಯಾವುದು ಎಂದು ಯಾರಾದರೂ ಕೇಳಿದರೆ, ಮಾಟುಂಗಾದ ಅಂಗಡಿಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಈ ಎರಡು ಪ್ರಶ್ನೆಗಳನ್ನೇ ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ.

ಈ ಹಬ್ಬಕ್ಕೂ ಕಾಫಿಗೂ ಒಂದು ನಂಟುಂಟು. ಚಿಕ್ಕಮಗಳೂರು, ಹಾಸನ ಹಳೆಯ ಮೈಸೂರಿನವು. ಕೊಡಗು ಬೇರೆಯೇ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಈ ಮೂರು ಕಾಫಿಯ ಸೀಮೆಗಳೂ ಒಂದೇ ರಾಜ್ಯದೊಳಗೆ ಬಂದವು. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು. ರಾಜ್ಯ ಒಂದಾಯಿತು; ರುಚಿ ಒಂದಾಗಲಿಲ್ಲ, ಆಗಬೇಕಾಗಿಯೂ ಇಲ್ಲ.

ನೆಲದ ಗುಣವೆಂದರೆ ಮುಖ್ಯವಾಗಿ ಎತ್ತರ. ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಬಿತ್ತಿದರೆಂಬ ಪ್ರತೀತಿಯ ಆ ಗಿರಿಗಳಲ್ಲಿ ಸಾವಿರ ಮೀಟರಿಗೂ ಮೇಲೆ ಗಿಡಗಳು ನಿಂತಿವೆ. ಅಲ್ಲಿ ರಾತ್ರಿ ತಂಪು, ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಹಿತವಾದ ಹುಳಿ, ಪರಿಮಳ ಎರಡೂ ನಿಲ್ಲುತ್ತವೆ. ತಗ್ಗಿಗಿಳಿದಂತೆ ಹಣ್ಣು ಬೇಗ ಮಾಗಿ ರುಚಿ ಸಪ್ಪೆಯಾಗುತ್ತದೆ. ಕೊಡಗಿನೊಳಗೇ ನೋಡಿ, ಸೋಮವಾರಪೇಟೆಯ ಕಡೆ ಅರೇಬಿಕಾ ಹೆಚ್ಚು, ವಿರಾಜಪೇಟೆಯ ಕಡೆ ರೊಬಸ್ಟಾ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾ ಬುಡನ್‌ಗಿರಿ ಈ ಮೂರರ ಅರೇಬಿಕಾಕ್ಕೂ ಭೌಗೋಳಿಕ ಸೂಚಿಯ ಮನ್ನಣೆ ಬೇರೆ ಬೇರೆಯಾಗಿಯೇ ದೊರೆಯಿತು. ಕಿತ್ತಳೆಯ ಪಕ್ಕದ ಕಾಫಿಗೆ ಕಿತ್ತಳೆಯ ವಾಸನೆ, ಮೆಣಸಿನ ಬಳ್ಳಿಯ ಕೆಳಗಿನದಕ್ಕೆ ಮೆಣಸಿನ ಖಾರ ಎಂದು ಮಾರುವವರು ಹೇಳುವುದುಂಟು. ಅದು ನಮಗೆ ಒಪ್ಪಿಗೆಯಾಗದು. ಮರಗಳು ಕೊಡುವುದು ನೆರಳನ್ನು. ನೆರಳು ಕೊಡುವುದು ನಿಧಾನವನ್ನು.

ಇನ್ನು ತಳಿ. ಅರೇಬಿಕಾ, ರೊಬಸ್ಟಾ ಎರಡು ಬೇರೆ ಜಾತಿಗಳೇ. ಅರೇಬಿಕಾ ಬೀಜದಲ್ಲಿ ಕೆಫೀನು ನೂರಕ್ಕೆ ಒಂದೂಕಾಲರ ಆಸುಪಾಸು, ರೊಬಸ್ಟಾದಲ್ಲಿ ಅದರ ಇಮ್ಮಡಿಯ ಹತ್ತಿರ. ಒಂದಕ್ಕೆ ಪರಿಮಳ, ಇನ್ನೊಂದಕ್ಕೆ ಕಹಿ ಮತ್ತು ನೊರೆ. ರೊಬಸ್ಟಾವನ್ನು ಕೀಳೆನ್ನುವುದು ಸರಿಯಲ್ಲ. ಹಾಲು ಬೆರೆಸಿ ಕುಡಿಯುವ ನಮಗೆ ಅದರ ಗಟ್ಟಿತನ ಬೇಕು. ಆದರೆ ಅರೇಬಿಕಾದ ಕಥೆ ಕಷ್ಟದ ಕಥೆ. 1869ರ ಹೊತ್ತಿಗೆ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ನುಂಗಿ, ಚಹಾಕ್ಕೆ ದಾರಿ ಬಿಟ್ಟಿತು. ನಮ್ಮ ತೋಟಗಳನ್ನೂ ಬಿಡಲಿಲ್ಲ. 1911ರಲ್ಲಿ ಕೆಂಟ್ ಎಂಬ ತೋಟಗಾರರು ಮೈಸೂರು ಸೀಮೆಯಲ್ಲಿ ರೋಗಕ್ಕೆ ಬಗ್ಗದ ಗಿಡವೊಂದನ್ನು ಗುರುತಿಸಿದರು. ಅದೇ ಕೆಂಟ್ಸ್ ತಳಿ. ಕೆಲವು ವರ್ಷಗಳಲ್ಲಿ ಅದೂ ಸೋತಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರದವರು ಕೆಂಟ್ಸನ್ನು ಮತ್ತೊಂದು ತಳಿಯೊಡನೆ ಕೂಡಿಸಿ ಎಸ್. 795 ಎಂಬುದನ್ನು 1940ರ ದಶಕದಲ್ಲಿ ಹೊರತಂದರು. ನಮ್ಮ ತಾಯಂದಿರು 'ಘಮ' ಎನ್ನುತ್ತಿದ್ದುದರಲ್ಲಿ ಈ ಗಿಡದ ಪಾಲು ದೊಡ್ಡದು. ಕಾವೇರಿ, 2007ರ ಚಂದ್ರಗಿರಿ ಇವೆಲ್ಲ ಅನಂತರ ಬಂದ ಗಿಡ್ಡ ತಳಿಗಳು.

1950-51ರಲ್ಲಿ ದೇಶದ ಫಸಲು ಸುಮಾರು 19,000 ಟನ್. ಅದರಲ್ಲಿ ಐದಕ್ಕೆ ನಾಲ್ಕು ಪಾಲು ಅರೇಬಿಕಾ. ಇಂದು ಮೂರೂವರೆ ಲಕ್ಷ ಟನ್ನಿನಷ್ಟಿದೆ. ಅದರಲ್ಲಿ ಹತ್ತಕ್ಕೆ ಏಳು ಪಾಲು ರೊಬಸ್ಟಾ. ಕಾಂಡವನ್ನು ಕೊರೆಯುವ ಬೋರರ್ ಹುಳು ಅರೇಬಿಕಾ ಗಿಡವನ್ನೇ ಹಿಡಿಯುತ್ತದೆ. ಹಿಡಿದ ಗಿಡವನ್ನು ಕಿತ್ತು ಸುಡಬೇಕು. 2024ರಲ್ಲಂತೂ ರೊಬಸ್ಟಾದ ಬೆಲೆಯೇ ಹಿಂದೆಂದೂ ಕಾಣದಷ್ಟು ಏರಿತು. ಇಷ್ಟಾದ ಮೇಲೆ ಬೆಳೆಗಾರನು ಎಸ್. 795ನ್ನು ಏಕೆ ಉಳಿಸಿಕೊಳ್ಳಬೇಕು? ಕೊಳ್ಳುವವನು ಅದನ್ನು ಹೆಸರು ಹಿಡಿದು ಕೇಳಿದರೆ ಉಳಿಸಿಕೊಂಡಾನು. ನಾವು ಕೇಳುವುದು 'ಒಳ್ಳೆಯದು ಕೊಡಿ' ಎಂದು.

ನಮ್ಮ ಮನೆಗೆ ಬರುವ ಪೊಟ್ಟಣದ ಮೇಲೆ ಹೆಚ್ಚಾಗಿ ಊರಿಲ್ಲ, ತಳಿಯಿಲ್ಲ. ಚಿಕೋರಿ ಬೆರೆಸಿದ್ದರೆ ಅದರ ಪ್ರಮಾಣವನ್ನು ಮಾತ್ರ ಕಾನೂನಿನಂತೆ ಮುದ್ರಿಸಲೇಬೇಕು. ನೂರಕ್ಕೆ 49ರವರೆಗೆ ಅದಕ್ಕೆ ಅವಕಾಶವಿದೆ. ಚಿಕೋರಿ ಒಂದು ಗೆಡ್ಡೆಬೇರು, ಗುಜರಾತಿನ ಹೊಲಗಳಲ್ಲಿ ಬಹಳ ಬೆಳೆಯುತ್ತಾರೆ. 'ನಮ್ಮ ಊರಿನ' ಕಾಫಿಯ ಅರ್ಧದಷ್ಟು ನೆರೆರಾಜ್ಯದ ಬೇರಾಗಿರಬಹುದೆಂದರೆ ನಗು ಬರುತ್ತದೆ. ಪೀಬರಿಯೂ ತಳಿಯಲ್ಲ, ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಗುಂಡಾಗಿ ಬೆಳೆದದ್ದು. ಅಂಗಡಿಯವರು 'ಪ್ಲಾಂಟೇಶನ್ ಎ' ಎಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ದಪ್ಪ ಬೀಜದ ಅರೇಬಿಕಾ. ಇಷ್ಟು ತಿಳಿದಿದ್ದರೆ ಅಂಗಡಿಯಲ್ಲಿ ಮಾತು ಮುಂದುವರಿಸಬಹುದು: ಯಾವ ಜಿಲ್ಲೆಯದು, ಯಾವ ತಳಿ, ಎಂದು ಹುರಿದದ್ದು.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಜೂನ್‌ನಿಂದ ಹಸಿಬೀಜವನ್ನು ಮಳೆಗಾಳಿಗೆ ಹರಡಿ, ಉಬ್ಬಿಸಿ, ಹುಳಿ ತಗ್ಗಿಸಿ 'ಮಾನ್ಸೂನ್ಡ್ ಮಲಬಾರ್' ಮಾಡುತ್ತಾರೆ. ಹಿಂದೆ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಹೋಗುವಾಗ ತಾನಾಗಿ ಆಗುತ್ತಿದ್ದುದನ್ನು ಈಗ ಬೇಕೆಂದೇ ಮಾಡುವುದು. ಆದರೆ ಅದು ಹುರಿಯದ ಬೀಜದ ಮಾತು. ಡೊಂಬಿವಲಿಯ ಜುಲೈ ತಿಂಗಳಲ್ಲಿ ತೆರೆದಿಟ್ಟ ಪುಡಿಗೆ ಆಗುವುದು ಮುಗ್ಗಲು ಮಾತ್ರ. ವಾರಕ್ಕೆ ಬೇಕಾದಷ್ಟು ತಂದು ಬಿಗಿಯಾದ ಡಬ್ಬದಲ್ಲಿಡಿ.

ಹಿಂಬದಿಯ ಮೇಜಿನ ಮೇಲೆ ಮೂರು ಫಿಲ್ಟರುಗಳಲ್ಲಿ ಡಿಕಾಕ್ಷನ್ ಇಳಿದಿದೆ. ಒಂದು ಚಿಕ್ಕಮಗಳೂರಿನ ಅರೇಬಿಕಾ, ಒಂದು ಕೊಡಗಿನ ರೊಬಸ್ಟಾ, ಇನ್ನೊಂದು ಎರಡರ ಮಿಶ್ರಣ. ಚಿಕೋರಿ ಯಾವುದಕ್ಕೂ ಬೆರೆಸಿಲ್ಲ. ಯಾವುದು ಯಾವುದೆಂದು ಚೀಟಿ ಅಂಟಿಸಿಲ್ಲ. ಮೊದಲು ಹಾಲಿಲ್ಲದೆ ಒಂದೊಂದು ಗುಟುಕು ನೋಡಿ; ಆಮೇಲೆ ಹಾಲು, ಸಕ್ಕರೆ ತಮ್ಮ ತಮ್ಮ ಮನೆಯ ಪದ್ಧತಿಯಂತೆ.