ಡೋರನಹಳ್ಳಿಯ ಅಂತೋಣಿ, ಗಂಜಾಮಿನ ದೊಡ್ಡ ಸ್ವಾಮಿ



ಬಲಿದಾನದ ಕತೆ ನಮ್ಮ ಕಡೆಯವರಿಗೆ ಹೊಸದಲ್ಲ. ಕೆರೆಗೆ ನೀರು ಬರಲಿಲ್ಲವೆಂದು ಮನೆಯ ಕಿರಿಸೊಸೆಯನ್ನೇ ಹಾರ ಕೊಟ್ಟ ಹಾಡು ಕೇಳಿಕೊಂಡು ಬೆಳೆದವರು ನಾವು. ಅಲ್ಲಿ ಕೇಳುವುದು ದೈವ, ಕೊಡಬೇಕಾದವರು ಮನುಷ್ಯರು. ಅದರಲ್ಲೂ ಮನೆಯಲ್ಲಿ ಎದುರಾಡದ ಹೆಣ್ಣುಮಗಳು. ಕ್ರೈಸ್ತರ ನಂಬಿಕೆಯಲ್ಲಿ ಇದು ತಿರುವುಮುರುವು. ದೇವರೇ ಮಗನಾಗಿ ಇಳಿದು ಬರುತ್ತಾನೆ, ಮನುಷ್ಯರ ಪಾಪದ ಭಾರವನ್ನು ತಾನೇ ಹೊತ್ತು ಶಿಲುಬೆಯ ಮೇಲೆ ಪ್ರಾಣ ಬಿಡುತ್ತಾನೆ. ಯಾರೂ ಕೇಳಿರಲಿಲ್ಲ, ಅರ್ಹತೆ ಇತ್ತೆಂದೂ ಅಲ್ಲ, ಸುಮ್ಮನೆ ಪ್ರೀತಿಗಾಗಿ. ಪ್ರತಿ ಬಲಿಪೂಜೆಯಲ್ಲಿ, ಶುಭಶುಕ್ರವಾರದ ಶಿಲುಬೆ ಹಾದಿಯಲ್ಲಿ ಅವರು ನೆನೆಯುವುದು ಇದನ್ನೇ.

ಈ ಮಾತು ಕಾವೇರಿ, ಲಕ್ಷ್ಮಣತೀರ್ಥದ ಬಯಲಿಗೆ, ನಮ್ಮ ರಾಗಿ ಹೊಲಗಳ ನಡುವೆ ಬಂದದ್ದು ಹೇಗೆ? ನನ್ನ ಬಹುಕಾಲದ ಹುಚ್ಚು ಇದು. ದೇವಶಾಸ್ತ್ರದ ಗ್ರಂಥ ಓದಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬಂದವರು ಹೇಗೆ ಬಾಳಿದರು ಎಂದು ನೋಡಬೇಕು.

ಮೊದಲಿಗೆ ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಪಾದ್ರಿಗಳ ಮಾತು. 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯವರು ಶ್ರೀರಂಗಪಟ್ಟಣಕ್ಕೆ ಬಂದರು. ಸನ್ಯಾಸಿಯ ಉಡುಗೆ ತೊಟ್ಟರು, ಕನ್ನಡ ಕಲಿತರು, ಕನ್ನಡದಲ್ಲೇ ಬರೆದರು. ಆಮೇಲಿನ ನೂರೈವತ್ತು ವರ್ಷವನ್ನು ಓಡಿಸಿಬಿಡುತ್ತೇನೆ. 1773ರಲ್ಲಿ ಜೆಸ್ವಿಟ್ ಸಂಘವನ್ನೇ ಪೋಪರು ರದ್ದು ಮಾಡಿದರು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತರಿಸಿದ. ಎಷ್ಟೋ ಜನ ಸತ್ತರು, ಎಷ್ಟೋ ಜನ ಬಲವಂತಕ್ಕೆ ಮತ ಬಿಟ್ಟರು. 1799ರಲ್ಲಿ ಕೋಟೆ ಬಿತ್ತು. ಚದುರಿ ಹೋದವರನ್ನು ಮತ್ತೆ ಒಟ್ಟುಗೂಡಿಸಲು ಒಬ್ಬರು ಬೇಕಾಗಿತ್ತು.

ಬಂದವರು ಅಬ್ಬೆ ದುಬಾಯ್. ಫ್ರಾನ್ಸಿನ ಕ್ರಾಂತಿಯ ಗಲಾಟೆಯಲ್ಲಿ, 1792ರಲ್ಲಿ ದೀಕ್ಷೆ ಪಡೆದು ಅದೇ ವರ್ಷ ಊರು ಬಿಟ್ಟ ಯುವಕ. ತಮಿಳು ಸೀಮೆಯಲ್ಲಿ ಕೆಲವು ವರ್ಷ ಇದ್ದು ಮೈಸೂರು ಸೀಮೆಗೆ ಬಂದು, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲೆ ನಿಂತರು. ತಲೆಗೆ ರುಮಾಲು, ಮೈಗೆ ಉದ್ದನೆಯ ಬಿಳಿ ಅಂಗಿ, ಮಾಂಸ ಬಿಟ್ಟರು. ಜನ ಅವರನ್ನು ಕರೆದದ್ದು ದೊಡ್ಡ ಸ್ವಾಮಿಯವರು ಅಂತ. ಹಾಸನದ ಕಡೆ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಜಮೀನು ಕೊಡಿಸಿ ಬೇಸಾಯಕ್ಕೆ ಹಚ್ಚಿದರು.

ನಾನು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಆಗ ಸಿಡುಬು ಬಂದರೆ ಅಮ್ಮ ಬಂದಳು ಎಂದು ಬೇವಿನಸೊಪ್ಪು ಕಟ್ಟಿ ಕೈಮುಗಿಯುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಜೆನ್ನರ್ ಎಂಬ ವೈದ್ಯ ಸಿಡುಬು ತಡೆಯುವ ದಾಕಿನ ವಿಷಯ ಪ್ರಕಟಿಸಿದ್ದು 1798ರಲ್ಲಿ. ಅದು ಮುಂಬಯಿ ಮುಟ್ಟಿದ್ದು 1802ರಲ್ಲಿ. ಮರುವರ್ಷವೇ ದುಬಾಯ್ ಮೈಸೂರು ಸೀಮೆಯಲ್ಲಿ ದಾಕು ಹಾಕಿಸಲು ಓಡಾಡುತ್ತಿದ್ದರು. 1803–04ರಲ್ಲಿ ಹೀಗೆ ದಾಕು ಹಾಕಿಸಿಕೊಂಡು ಲೆಕ್ಕಕ್ಕೆ ಸೇರಿದವರು 25,432 ಮಂದಿ.

ಆಗಿನ ದಾಕು ಹೇಗಿತ್ತು ಗೊತ್ತೇ? ಬಾಟಲಿ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಒಂದು ಮಗುವಿನ ತೋಳಿಗೆ ಗೀರಿ ಹಾಕುವುದು. ಎಂಟನೆಯ ದಿನದ ಹೊತ್ತಿಗೆ ಅಲ್ಲಿ ಗುಳ್ಳೆ ಎದ್ದು ರಸ ತುಂಬುತ್ತದೆ. ಮೊನೆಯಲ್ಲಿ ಆ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ. ಅದರಿಂದ ಮತ್ತೊಂದಕ್ಕೆ. ಎಲ್ಲಾದರೂ ಒಬ್ಬ ತಾಯಿ ಬೇಡವೆಂದು ಮಗುವನ್ನು ಎತ್ತಿಕೊಂಡು ಹೋದರೆ ಸರಪಳಿಯೇ ಕಡಿಯಿತು. ಜಾತಿ ನೋಡಿಕೊಂಡು ನೀರು ಕುಡಿಯುತ್ತಿದ್ದ ಕಾಲದಲ್ಲಿ ಒಂದು ಕೂಸಿನ ಮೈರಸ ಇನ್ನೊಂದು ಕೂಸಿನ ಮೈಗೆ! ಮನೆಮನೆ ಬಾಗಿಲಲ್ಲಿ ಎಷ್ಟು ಬೈಗುಳ ಕೇಳಿರಬೇಕು, ಎಷ್ಟು ಸಲ ಕೈಮುಗಿದು ಬೇಡಿರಬೇಕು. ಅರಮನೆಯ ಹೆಣ್ಣುಮಕ್ಕಳೂ ಇದಕ್ಕೆ ಒತ್ತಾಸೆಯಾಗಿ ನಿಂತರೆಂದು, ಥಾಮಸ್ ಹಿಕಿ ಬರೆದ ಆ ಕಾಲದ ಒಂದು ವರ್ಣಚಿತ್ರ ಮುಂದಿಟ್ಟುಕೊಂಡು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಇರಬಹುದು. ಆದರೆ ಹಳ್ಳಿಯ ಜಗಲಿಯಲ್ಲಿ ಕೂತು ತಾಯಂದಿರನ್ನು ಒಪ್ಪಿಸುವವರು ಬೇರೆಯೇ ಬೇಕು.

ಇಷ್ಟಾದರೂ ದುಬಾಯ್ ಹೆಸರು ಉಳಿದದ್ದು ಹಿಂದೂಗಳ ಆಚಾರ ವಿಚಾರ ಕುರಿತ ದೊಡ್ಡ ಪುಸ್ತಕದಿಂದ. ಈಸ್ಟ್ ಇಂಡಿಯಾ ಕಂಪನಿ ಅದರ ಹಸ್ತಪ್ರತಿಯನ್ನು 1807ರಲ್ಲಿ ಎರಡು ಸಾವಿರ ವರಹ ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಮ್ಮವರ ಬಗ್ಗೆ ಅದರಲ್ಲಿ ಕಹಿಮಾತು ಬೇಕಾದಷ್ಟಿದೆ, ನನಗೇನೂ ಅದರ ಮೇಲೆ ಮೋಹವಿಲ್ಲ. ಅದೂ ಸಾಲದೆಂದು, ಅದರಲ್ಲಿ ಬಹುಪಾಲು ಹಿಂದಿನ ಜೆಸ್ವಿಟ್ ಕೂರ್ದು ಅವರ ಬರಹದಿಂದ ಎತ್ತಿದ್ದು ಎಂದು ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ನೋಡಿ, ಕಡ ತಂದದ್ದಕ್ಕೆ ಕೀರ್ತಿ. ಮೈಮುರಿದು ಕೊಟ್ಟದ್ದನ್ನು ಕೇಳುವವರಿಲ್ಲ.

1823ರಲ್ಲಿ ಅವರು ಊರಿಗೆ ಹಿಂತಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಇಪ್ಪತ್ತೈದು ವರ್ಷ ದುಡಿದು ತಾನು ಮತಕ್ಕೆ ತಂದವರು ಇನ್ನೂರು ಮುನ್ನೂರು ಜನರಷ್ಟೇ, ಈ ದೇಶದಲ್ಲಿ ಈ ಕೆಲಸ ಇನ್ನು ಫಲಿಸುವುದಿಲ್ಲ ಎಂದು ಕೈಚೆಲ್ಲಿದ್ದಾರೆ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ದಾಕು ಹಾಕಿಸಿಕೊಂಡವರನ್ನು ಅವರು ತಮ್ಮ ಫಲದ ಲೆಕ್ಕಕ್ಕೆ ಹಿಡಿಯಲೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಅಲ್ಲೇ.

ತಮ್ಮನ್ನೇ ಕೊಟ್ಟುಬಿಟ್ಟ ಇನ್ನೊಬ್ಬರನ್ನು ಕಾಣಲು ಈಗ ಕೃಷ್ಣರಾಜನಗರ ತಾಲ್ಲೂಕಿಗೆ ಬನ್ನಿ. ಡೋರನಹಳ್ಳಿಯಲ್ಲಿ ಎರಡು ಶತಮಾನದ ಹಿಂದೆ ಒಬ್ಬ ರೈತ ಆರು ಹೂಡುವಾಗ ನೇಗಿಲ ಸಾಲಿನಲ್ಲಿ ಒಂದು ಪ್ರತಿಮೆ ಸಿಕ್ಕಿತಂತೆ. ಬೊಂಬೆ ಎಂದು ಮಕ್ಕಳಿಗೆ ಆಡಲು ಕೊಟ್ಟನಂತೆ. ಆಮೇಲೆ ಕನಸಿನಲ್ಲಿ ಬಂದು ಗುಡಿ ಕಟ್ಟು ಎಂದಿತಂತೆ. ಅದು ಸಂತ ಅಂತೋಣಿಯವರ ಪ್ರತಿಮೆ. ಪುಟ್ಟ ಗುಡಿ ಬೆಳೆದು ದೊಡ್ಡ ಚರ್ಚಾಗಿ, 2019ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬೆಸಿಲಿಕಾ ದರ್ಜೆಗೆ ಏರಿಸಿದರು. ಬೆಂಗಳೂರಿನ ಶಿವಾಜಿನಗರ, ಕಾರ್ಕಳದ ಅತ್ತೂರು ಬಿಟ್ಟರೆ ರಾಜ್ಯದಲ್ಲಿ ಆ ಮನ್ನಣೆ ಸಿಕ್ಕ ಮೂರನೆಯ ಚರ್ಚು.

ಈ ಅಂತೋಣಿ ಯಾರು? 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ಫೆರ್ನಾಂದೊ. ಮೊರಾಕ್ಕೊದಲ್ಲಿ ಧರ್ಮಕ್ಕಾಗಿ ಕೊಲೆಯಾದ ಐವರು ಫ್ರಾನ್ಸಿಸ್ಕನ್ ಸಂಘದ ಸನ್ಯಾಸಿಗಳ ಅಸ್ಥಿಗಳನ್ನು 1220ರಲ್ಲಿ ಫೆರ್ನಾಂದೊ ಇದ್ದ ಕೊಯಿಂಬ್ರಾ ಊರಿಗೆ ತಂದರು. ಅದನ್ನು ಕಂಡು, ತಾನೂ ಹಾಗೇ ಯೇಸುಸ್ವಾಮಿಗಾಗಿ ಪ್ರಾಣ ಕೊಡಬೇಕೆಂದು ಸಂಘ ಬದಲಿಸಿ, ಹೆಸರು ಬದಲಿಸಿ ಮೊರಾಕ್ಕೊಗೆ ಹೊರಟರು. ಹೋದದ್ದೇ ಕಾಯಿಲೆ ಬಿದ್ದರು. ವಾಪಸು ಬರುವ ಹಡಗನ್ನು ಗಾಳಿ ಸಿಸಿಲಿಗೆ ಎಳೆದೊಯ್ದಿತು. ಕತ್ತಿಗೆ ಕೊರಳೊಡ್ಡಲು ಹೊರಟವರಿಗೆ ಆ ಸಾವು ಸಿಗಲಿಲ್ಲ. ಇಟಲಿಯ ಊರೂರು ಅಲೆದು ಬಡವರಿಗಾಗಿ ಸವೆಯುವ ಬದುಕು ಸಿಕ್ಕಿತು. ಸಾಯುವ ಕೆಲವೇ ತಿಂಗಳ ಮುಂಚೆ, 1231ರ ಮಾರ್ಚಿನಲ್ಲಿ, ಅವರ ಕೋರಿಕೆಯ ಮೇಲೆ ಪಾದುವ ಊರಿನವರು ಒಂದು ಕಾನೂನು ಮಾಡಿದರು: ಇದ್ದದ್ದೆಲ್ಲ ಒಪ್ಪಿಸಿದ ಸಾಲಗಾರನನ್ನು ಸಾಲ ತೀರಲಿಲ್ಲವೆಂದು ಜೈಲಿಗೆ ಹಾಕುವಂತಿಲ್ಲ. ಹೊಗೆಸೊಪ್ಪಿನ ಬೆಲೆ ಬಿದ್ದ ವರ್ಷ ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರ ಮನೆಯಲ್ಲಿ ಏನಾಗುತ್ತದೆಂದು ಬಲ್ಲವರಿಗೆ ಈ ಕಾನೂನಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಪೀಠದ ಮೇಲಿನ ಪವಾಡಗಳಿಗಿಂತ ನನಗೆ ಇದು ದೊಡ್ಡದು.

ಅದೇ ವರ್ಷದ ಜೂನ್ 13ರಂದು ಅಂತೋಣಿ ತೀರಿಕೊಂಡರು, ಮೂವತ್ತಾರು ವರ್ಷವೂ ತುಂಬಿರಲಿಲ್ಲ. ಮಣ್ಣು ಮಾಡಿದ್ದು ಮಂಗಳವಾರ. ಅದಕ್ಕೇ ಲೋಕವೆಲ್ಲ ಮಂಗಳವಾರ ಅವರ ದಿನ. ಬಡವರಿಗೆ ರೊಟ್ಟಿ ಹಂಚುವ ಪದ್ಧತಿಯೂ ಅವರ ಹೆಸರಿನಲ್ಲೇ ನಡೆದುಬಂದಿದೆ. ಡೋರನಹಳ್ಳಿಗೆ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಯಾರೂ ಅವರ ಜಾತಿ ಕೇಳುವುದಿಲ್ಲ.

   ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದವರು ಕ್ರೈಸ್ತರಲ್ಲದ ಮಂಜೇಶ್ವರದ ಗೋವಿಂದ ಪೈಗಳು ಎಂಬುದನ್ನೂ ಮರೆಯಬಾರದು.

ಕೇಳುತ್ತಿರುವ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಸಿಡುಬಿನ ಪಾಠ ಮಾಡುವ ದಿನ ಜೆನ್ನರ್ ಹೆಸರಿನ ಜೊತೆಗೆ ಗಂಜಾಮಿನ ದೊಡ್ಡ ಸ್ವಾಮಿಯವರ ಹೆಸರನ್ನೂ, ಆ 25,432 ಎಂಬ ಅಂಕಿಯನ್ನೂ ಬೋರ್ಡಿನ ಮೇಲೆ ಬರೆಯಿರಿ.